ಫಾರಿನ್ ಮುಯ್ಯಿ

ಚಿಕ್ಕಪ್ಪ ಮಹದೇವಯ್ಯ ಒಳಗೆ ಬಂದು ಕೂರಲಿಲ್ಲ. ಬಾಗಿಲಲ್ಲೇ ನಿಂತು, "ರೂಪಾ, ಎರಡು ಟಗರು ನೋಡಿವ್ನಿ ಕಣವ್ವ. ಅಡ್ವಾನ್ಸ್ ಕೊಡ್ಲಾ, ಬ್ಯಾಡ್ವಾ? ನೀನೊಂದು ಮಾತು ಯೋಳ್ಬುಡು" ಎಂದರು.

ಟಗರು ಕೊಳ್ಳಲು ನನ್ನ ಮಾತು ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ನಾನು ಥಾಯ್ಲೆಂಡಿನಿಂದ ನಮ್ಮೂರು ಅಂತರಸಂತೆಗೆ ಬಂದು ಆಗ ಎರಡು ವಾರವೂ ಆಗಿರಲಿಲ್ಲ. ಅಲ್ಲಿಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಒಂದು ವರ್ಷ ಇಂಗ್ಲಿಷ್ ಪಾಠ ಮಾಡಿ, ಬೇಸಿಗೆ ರಜೆಗೆ ಬಂದಿದ್ದೆ. ಬಂದಾಗಿನಿಂದ ಎಲ್ಲರೂ ಒಂದಲ್ಲ ಒಂದು ಕೇಳುತ್ತಿದ್ದರು. ಅಲ್ಲಿ ಹುಳ ಹುರಿದು ತಿಂತಾರಂತೆ, ನೀನೂ ತಿಂದ್ಯಾ? ಚಿನ್ನ ಅಗ್ಗವಂತೆ, ಎಷ್ಟು ತಂದೆ? ಎಲ್ಲದಕ್ಕೂ ಅರ್ಧ ಉತ್ತರ ಕೊಟ್ಟು, ಆಮೇಲೆ ಅದೂ ತಪ್ಪಾಯಿತೇನೋ ಎಂದುಕೊಳ್ಳುತ್ತಿದ್ದೆ. ಟಗರಿನ ಪ್ರಶ್ನೆ ಮಾತ್ರ ಹೊಸದು.

"ಯಾವ ಟಗರು ಚಿಕ್ಕಪ್ಪ?"

"ಸಿಂಧುನ ಕಳ್ಸೋ ಊಟಕ್ಕೆ."

"ಒಳಿಕ್ ಬಾರಪ್ಪ" ಎಂದು ನನ್ನ ಅವ್ವ ಕೆಂಪಾಜಮ್ಮ ಒಳಗಿನಿಂದ ಕೂಗಿದಳು. "ಬಾಗ್ಲಲ್ಲಿ ನಿಂತ್ಕಂಡು ಬಾಡಿನ ಮಾತಾಡ್ಬಾರ್ದು. ಬೀದಿಯೋರೆಲ್ಲ ಕೇಳುಸ್ಕತಾರೆ."

"ಕೇಳುಸ್ಕಳ್ಲಿ ಬುಡು ಅತ್ಗೆ. ಬರಬೇಕಾದೋರು ಅವ್ರೇ ತಾನೆ" ಎನ್ನುತ್ತ ಚಿಕ್ಕಪ್ಪ ಬಂದು ಚಾಪೆಯ ಮೇಲೆ ಕೂತರು. ಅವರು ಅರಣ್ಯ ಇಲಾಖೆಯಲ್ಲಿ ವಾಚರ್. ಕಾಡಿನಲ್ಲಿ ಆನೆ ಓಡಿಸಿ ಬಂದವರು ಮನೆಯೊಳಗೂ ಸ್ವಲ್ಪ ಜೋರಾಗಿಯೇ ಮಾತಾಡುತ್ತಾರೆ.

ಸಿಂಧು ಅವರ ಒಬ್ಬಳೇ ಮಗಳು, ನನಗಿಂತ ಆರು ವರ್ಷ ಚಿಕ್ಕವಳು. ಬಿ.ಎಡ್. ಮುಗಿಸಿ ಎಚ್.ಡಿ. ಕೋಟೆಯ ಒಂದು ಪ್ರೈವೇಟ್ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾಳೆ. ನಾನು ಹೋಗುವ ಮುಂಚೆ ಹೇಳಿಕೊಡುತ್ತಿದ್ದದ್ದೂ ಅದೇ ಶಾಲೆಯಲ್ಲೇ. ನನ್ನನ್ನು ಕಳಿಸಿದ ಮೈಸೂರಿನ ಕನ್ಸಲ್ಟೆನ್ಸಿಯ ಏಜೆಂಟರೇ ಈಗ ಅವಳನ್ನೂ ಆರಿಸಿದ್ದರು. ಅವರ ಫೀಸು, ವಿಮಾನದ ಟಿಕೆಟ್ಟು, ಸರ್ಟಿಫಿಕೇಟಿಗೆ ಬೆಂಗಳೂರಿನಲ್ಲಿ ಮುದ್ರೆ ಹಾಕಿಸುವ ಖರ್ಚು ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಬೇಕು. ಅದನ್ನು ಮುಯ್ಯಿಯಿಂದ ಎತ್ತುವುದು ಚಿಕ್ಕಪ್ಪನ ಯೋಚನೆ.

ನಮ್ಮ ಕಡೆ ಮದುವೆಗೋ ಹೊಸಮನೆಯ ಒಕ್ಕಲೂಟಕ್ಕೋ ಹೋದವರು ಕವರಿನಲ್ಲಿ ದುಡ್ಡಿಟ್ಟು ಮುಯ್ಯಿ ಮಾಡುತ್ತಾರೆ. ನಾಳೆ ಅವರ ಮನೆಯಲ್ಲಿ ಏನಾದರೂ ಆದಾಗ ನಾವು ಅದಕ್ಕೆ ಒಂದಿಷ್ಟು ಸೇರಿಸಿ ಹಿಂದಿರುಗಿಸಬೇಕು. ವಿದೇಶಕ್ಕೆ ಹೋಗುವವರ ಹೆಸರಲ್ಲಿ ಊಟ ಹಾಕಿ ಮುಯ್ಯಿ ಇಸಿದುಕೊಳ್ಳುವ ಪದ್ಧತಿ ಮೊದಲು ಇರಲಿಲ್ಲ. ಅದನ್ನು ಶುರು ಮಾಡಿದವರು ನಾವೇ. ಕಳೆದ ವರ್ಷ ಏಜೆಂಟಿಗೆ ಕೊಡುವ ದುಡ್ಡು ಸಾಲದೆ ಬಂದಾಗ ಅವ್ವನಿಗೆ ಹೊಳೆಯಿತು. "ಹೆಣ್ಣುಮಗ್ಳು ಸಮುದ್ರ ದಾಟ್ತಾವ್ಳೆ. ಮದ್ವೆಗಿಂತ ಇದೇನು ಕಮ್ಮಿಯಾ?" ಎಂದಳು. ಊರವರು ನಕ್ಕರು. ನಕ್ಕವರೆಲ್ಲ ಬಂದರು. ನಾನು ಶಾಮಿಯಾನದ ಕೆಳಗೆ ರೇಷ್ಮೆ ಸೀರೆ ಉಟ್ಟು ನಿಂತು ಒಂದೊಂದು ಕವರನ್ನೂ ಎರಡು ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡೆ. ಬಂದ ದುಡ್ಡು ಏಜೆಂಟಿಗೂ ಟಿಕೆಟ್ಟಿಗೂ ಸರಿಹೋಯಿತು.

"ಈಗ ನೀನು ಒಂದೇ ಒಂದು ಯೋಳು" ಎಂದರು ಚಿಕ್ಕಪ್ಪ. "ಒಂದು ವರ್ಸ ದುಡ್ದು ಬಂದಿದ್ದೀಯೆ. ಎಲ್ಲಾ ಕಳ್ದು ಕೈಯಾಗೆ ಎಷ್ಟು ಉಳೀತು? ಉಳ್ದದೆ ಅಂದ್ರೆ ಟಗರಿಗೆ ಅಡ್ವಾನ್ಸು. ಇಲ್ಲ ಅಂದ್ರೆ ಹೆಣ್ಣು ಇಲ್ಲೇ ಸ್ಕೂಲ್‌ನಾಗೇ ಇರ್ಲಿ. ಸೋಮವಾರಕ್ಕೆ ಏಜೆಂಟ್ಗೂ ಯೋಳ್ಬೇಕು, ಸ್ಕೂಲ್ನೋರ್ಗೂ ಯೋಳ್ಬೇಕು."

"ನಾಳೆ ಹೇಳ್ತೀನಿ ಚಿಕ್ಕಪ್ಪ."

"ಉಳಿದಿದ್ದು ಎಷ್ಟು ಅನ್ನಕ್ಕೆ ನಾಳೆನಾ? ನಾನೇನ್ ನಿನ್ ದುಡ್ಡು ಕೇಳಿದ್ನಾ?" ಎಂದು ಎದ್ದರು. ಹೋಗುವಾಗ ಅವ್ವನಿಗೆ, "ಫಾರಿನ್ಗೆ ಓಗ್ಬಂದೋರ್ಗೆ ಬಾಯಿ ಬಿಗಿಯಾಯ್ತದೆ ಅಂತ ಕೇಳಿದ್ದೆ ಅತ್ಗೆ, ದಿಟ ಕಣ" ಎಂದರು.

ನನ್ನ ಬಾಯಿ ಬಿಗಿಯಾಗಿರಲಿಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಜಗಲಿಯ ಮೇಲೆ ಮೊಬೈಲ್ ಹಿಡಿದು ಕೂತೆ. ಏಜೆಂಟ್ ಹೇಳಿದ್ದು ತಿಂಗಳಿಗೆ ಇಪ್ಪತ್ತು ಸಾವಿರ ಬಾತ್, ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರ ರೂಪಾಯಿ. ಕೋಟೆಯ ಶಾಲೆಯಲ್ಲಿ ನನಗೆ ಬರುತ್ತಿದ್ದದ್ದು ಹನ್ನೊಂದು. ಹೋಗಿ ಸೇರಿದ ಮೇಲೆ ಕೈಗೆ ಬಂದದ್ದು ಹದಿನೆಂಟು ಸಾವಿರ ಬಾತ್. ಕೆಲಸದ ಪರವಾನಗಿ ಬರುವ ತನಕ ಹೀಗೆ ಎಂದರು. ಪರವಾನಗಿ ಬಂತು, ಹದಿನೆಂಟು ಹದಿನೆಂಟಾಗಿಯೇ ಉಳಿಯಿತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನಿಗೆ ಮೂವತ್ತೈದು. ಅವನು ಮನೆಯಲ್ಲೇ ಇಂಗ್ಲಿಷ್ ಮಾತಾಡುವ ದೇಶದವನು. ನನಗಿಂತ ವಾರಕ್ಕೆ ನಾಲ್ಕು ಪಿರಿಯಡ್ ಕಡಿಮೆ ತೆಗೆದುಕೊಳ್ಳುತ್ತಿದ್ದ. ಅದು ತಿಳಿದ ದಿನ ಸಿಟ್ಟು ಬರಲಿಲ್ಲ. ನಾನು ಹಗಲು ಮೈಸೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಇದು, ಬೆಲೆ ಇಷ್ಟೇ ಇರಬೇಕು ಎಂದುಕೊಂಡೆ. ಒಂದು ತಿಂಗಳ ಮೇಲೆ ಸಿಟ್ಟು ಬಂತು. ಅವನು ಬೋರ್ಡಿನ ಮೇಲೆ ಬರೆದದ್ದರಲ್ಲಿ ತಪ್ಪಿರುತ್ತಿತ್ತು. ಆದರೆ ಮಕ್ಕಳು ಅವನ ಹಾಗೆ ಮಾತಾಡಲು ಆಸೆಪಡುತ್ತಿದ್ದರು, ನನ್ನ ಹಾಗಲ್ಲ. ಅದಕ್ಕೆ ತಾನೇ ದುಡ್ಡು ಕೊಡುವುದು? ಸಿಟ್ಟು ಸರಿಯೋ ತಪ್ಪೋ ಇನ್ನೂ ತೀರ್ಮಾನವಾಗಿಲ್ಲ.

ಆಮೇಲೆ ವೀಸಾ. ನಾನು ಹೋದದ್ದು ಟೂರಿಸ್ಟ್ ವೀಸಾದಲ್ಲಿ. ಅದನ್ನು ಬದಲಿಸಲು ನದಿ ದಾಟಿ ಪಕ್ಕದ ದೇಶಕ್ಕೆ ಹೋಗಿ, ಅಲ್ಲಿ ಉಳಿದು, ಮುದ್ರೆ ಹಾಕಿಸಿಕೊಂಡು ಬರಬೇಕಾಯಿತು. ಆ ದಿನಗಳ ಸಂಬಳವನ್ನೂ ಹಿಡಿದುಕೊಂಡರು. ರೂಮಿಗೆ ಎರಡು ತಿಂಗಳ ಬಾಡಿಗೆ ಡಿಪಾಸಿಟ್ಟು. ಅದು ವಾಪಸ್ ಬರುವ ದುಡ್ಡು ಎಂದು ಒಂದು ಸಲ ಉಳಿತಾಯಕ್ಕೆ ಸೇರಿಸುತ್ತೇನೆ, ಇನ್ನೂ ಬಂದಿಲ್ಲವಲ್ಲ ಎಂದು ಇನ್ನೊಂದು ಸಲ ಕಳೆಯುತ್ತೇನೆ. ಸಂಬಳ ಹತ್ತು ತಿಂಗಳಿಗೆ ಮಾತ್ರ. ರಜೆಯ ಎರಡು ತಿಂಗಳು ಏನೂ ಇಲ್ಲ. ಏಜೆಂಟ್ ಸುಳ್ಳು ಹೇಳಿದ ಎಂದು ಬಯ್ಯಲೂ ಆಗದು, ಒಪ್ಪಂದದಲ್ಲಿ ಬರೆದೇ ಇತ್ತು. ನಾನು ಓದಿದ್ದೆ. ಓದಿಯೂ ಇಲ್ಲಿ ಕೂತು ಹನ್ನೆರಡರಿಂದಲೇ ಗುಣಿಸಿದ್ದೆ.

ಇಷ್ಟಾದರೂ ಅವ್ವನಿಗೆ ಕಳಿಸಿದ್ದನ್ನು ಕೂಡಿದರೆ ಒಂದೂವರೆ ಲಕ್ಷದ ಹತ್ತಿರ ಬಂತು. ನನ್ನ ಖಾತೆಯಲ್ಲಿ ಇಪ್ಪತ್ತೆರಡು ಸಾವಿರವಿತ್ತು, ಮತ್ತೆ ಹೋಗುವುದಾದರೆ ಅದು ಟಿಕೆಟ್ಟಿಗೆ. ಹಾಗಾದರೆ ಒಂದೂವರೆ ಉಳಿಯಿತು ಎನ್ನಬಹುದು. ಇಲ್ಲೇ ಇದ್ದಿದ್ದರೆ ವರ್ಷದ ಸಂಬಳವೆಲ್ಲ ಸೇರಿದರೂ ಅಷ್ಟಾಗುತ್ತಿರಲಿಲ್ಲ. ನನಗೆ ಸ್ವಲ್ಪ ಸಮಾಧಾನವಾಯಿತು. ಚಿಕ್ಕಪ್ಪನಿಗೆ ಹೇಳಿಬಿಡೋಣ ಎಂದು ಎದ್ದವಳು, ಯಾಕೋ ಒಂದು ಸಲ ಅವ್ವನನ್ನು ಕೇಳೋಣ ಎಂದು ಹಿತ್ತಲಿಗೆ ಹೋದೆ.

ಅವ್ವ ಹುಣಸೆಹಣ್ಣಿನ ರಾಶಿ ಮುಂದಿಟ್ಟುಕೊಂಡು ಬೀಜ ಬಿಡಿಸುತ್ತಿದ್ದಳು.

"ಅವ್ವ, ನಾನು ಕಳಿಸಿದ ದುಡ್ಡು ಎಲ್ಲಿದೆ?"

"ಎಲ್ಲೋಯ್ತದೆ? ಊರ್ ಮೇಲದೆ."

"ಊರ ಮೇಲೆ ಅಂದ್ರೆ?"

"ಮುಯ್ಯಿ ಮಾಡ್ಬ್ಯಾಡ್ವಾ? ನಿನ್ನ ಊಟಕ್ಕೆ ಎಷ್ಟು ಜನ ಬಂದಿದ್ರು! ಸರಗೂರಾಗೆ ಒಂದು ಮದ್ವೆ ಆಯ್ತು. ಬೇಗೂರಾಗೆ ಮೂರು ಒಕ್ಕಲೂಟ. ಮಾದಾಪುರದೋರ ಬೀಗರೂಟ. ಹೆಣ್ಣುಮಕ್ಳ ಶಾಸ್ತ್ರಗಳೇ ಒಂದ್ ಏಳೆಂಟು." ಬೀಜ ಎಸೆಯುತ್ತ ಒಂದೊಂದೇ ಹೇಳಿದಳು. ಯಾರು ನಮಗೆ ಎಷ್ಟು ಕೊಟ್ಟಿದ್ದರು, ತಾನು ಎಷ್ಟು ಕೊಟ್ಟೆ ಎಂದು. ಕೇಳುತ್ತ ಕೇಳುತ್ತ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

"ಐನೂರು ಕೊಟ್ಟವರಿಗೆ ಸಾವಿರದೈನೂರು ಯಾಕೆ ಕೊಟ್ಟೆ?"

"ಮತ್ತೆ ಆರ್ನೂರು ಕೊಡ್ಲಾ? ಮಗ್ಳು ಫಾರಿನ್ನಾಗವ್ಳೆ ಅಂತ ಎಲ್ಲರ್ಗೂ ಗೊತ್ತು. ಕವರು ಒಡೆದು ನೋಡಿ ಮುಖಕ್ಕೆ ಉಗೀತಾರೆ. ಕೆಂಪಾಜಮ್ಮನ ಕೈ ನೋಡ್ರಪ್ಪ, ಮಗ್ಳು ಡಾಲರ್ ಕಳುಸ್ತಾವ್ಳೆ, ಇವ್ಳು ಆರ್ನೂರು ಬರೆಸ್ತಾವ್ಳೆ ಅಂತಾರೆ."

"ಡಾಲರ್ ಅಲ್ಲವ್ವ, ಬಾತ್."

"ಯಾವ್ದಾದ್ರೂ ಆಗ್ಲಿ. ಪಿರಿಯಾಪಟ್ಣದಿಂದ ಯಾರೋ ಬಂದು ಲಗ್ನಪತ್ರಿಕೆ ಕೊಟ್ರು. ನಿಮ್ಮಪ್ಪನ ಕಡೆ ಸಂಬಂಧ ಅಂದ್ರು. ನಿಮ್ಮಪ್ಪ ಇದ್ದಿದ್ರೆ ಕೇಳಬೋದಿತ್ತು. ನಂಗೆ ಅವ್ರ್ಯಾರು ಅಂತ್ಲೇ ಗೊತ್ತಿಲ್ಲ. ಓಗ್ಬಂದೆ. ಎರಡ್ ಸಾವ್ರ ಕೊಟ್ಟೆ. ಊಟ ಚೆಂದಾಗಿತ್ತು."

"ಹಾಗಾದ್ರೆ ಎಲ್ಲ ಖರ್ಚಾಗಿಹೋಯ್ತಾ?"

ಅವ್ವನಿಗೆ ಸಿಟ್ಟು ಬಂತು. "ಖರ್ಚಲ್ಲ ಕಣೆ ಇದು! ನಾನೇನು ಸೀರೆ ತಕಂಡ್ನಾ, ಓಲೆ ತಕಂಡ್ನಾ? ಒಂದಿಷ್ಟು ತೀರಿಸಿದ್ದು, ಮಿಕ್ಕಿದ್ದು ಮಡಗಿದ್ದು. ನಿನ್ ಮದ್ವೆಗೆ ಅಷ್ಟೂ ವಾಪಸ್ ಬತ್ತದೆ. ಅದೂ ಸೇರ್ಸಿ ಬತ್ತದೆ. ಬ್ಯಾಂಕ್ನೋರು ಕೊಡ್ತಾರಾ ಅಷ್ಟು ಬಡ್ಡಿಯ?"

"ನಾನು ಮದುವೆ ಆಗದಿದ್ರೆ?"

ಅವ್ವ ಕೈಯಲ್ಲಿದ್ದ ಹುಣಸೆಹಣ್ಣನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. "ಅಂಗಂದ್ರೆ ಮನೆ ಕಟ್ಸು. ಒಕ್ಕಲೂಟಕ್ಕೆ ಬತ್ತದೆ."

"ಮನೆ ಕಟ್ಟೋಕೆ ದುಡ್ಡು?"

"ಅದುಕ್ಕೇ ಇನ್ನೊಂದು ವರ್ಸ ಓಗ್ಬುಟ್ಟು ಬಾ ಅನ್ನದು ನಾನು. ಇನ್ನಾ ಅರ್ಧ ಜನದ್ದು ತೀರ್ಸದೂ ಅದೆ. ಅವ್ರ ಮನೇಲಿ ಇನ್ನಾ ಏನೂ ಆಗಿಲ್ಲ."

ನಾನು ಹಿತ್ತಲಲ್ಲೇ ನಿಂತೆ. ನನ್ನ ಒಂದು ವರ್ಷದ ದುಡಿಮೆ ಸರಗೂರು, ಬೇಗೂರು, ಮಾದಾಪುರ, ಪಿರಿಯಾಪಟ್ಟಣಗಳಲ್ಲಿ ಯಾರ ಯಾರದೋ ಮನೆಯಲ್ಲಿ ಕೂತಿತ್ತು. ಅದು ಉಳಿದದ್ದೋ ಕಳೆದದ್ದೋ? ಅವ್ವ ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಸರಿ ಎಂದು ಒಪ್ಪಿಕೊಳ್ಳಲೂ ಆಗಲಿಲ್ಲ. ಇಂಗ್ಲಿಷ್ ಪಾಠದ ಸಂಬಳ ವಸೂಲಾಗಬೇಕಾದರೆ ನಾನು ಮದುವೆಯಾಗಬೇಕು ಎನ್ನುವುದನ್ನು ಚಿಕ್ಕಪ್ಪನಿಗೆ ಹೇಗೆ ಹೇಳುವುದು?

ಮಾರನೆಯ ದಿನ ಸಿಂಧು ಶಾಲೆಯ ಅಡ್ಮಿಷನ್ ಪಾಂಪ್ಲೆಟ್ ಹಿಡಿದು ಬಂದಳು. ಬೇಸಿಗೆಯಲ್ಲಿ ಪ್ರೈವೇಟ್ ಶಾಲೆಯ ಟೀಚರುಗಳು ಮನೆ ಮನೆ ಸುತ್ತಿ ಮಕ್ಕಳನ್ನು ಹುಡುಕಿ ತರಬೇಕು. ನಾನೂ ಐದು ವರ್ಷ ಸುತ್ತಿದ್ದೆ. "ಬಾ ಅಕ್ಕ, ಫಾರಿನ್ ಮೇಡಂ ಜೊತೆಗಿದ್ರೆ ಇನ್ನೆರಡು ಅಡ್ಮಿಷನ್ ಆಗುತ್ತೆ" ಎಂದಳು. ಜೊತೆಗೆ ಹೊರಟೆ. ಬಿಸಿಲಿಗೆ ಇಬ್ಬರೂ ತಲೆಯ ಮೇಲೆ ವೇಲ್ ಹಾಕಿಕೊಂಡಿದ್ದೆವು.

ಎರಡು ಮನೆ ದಾಟಿದ ಮೇಲೆ ಅವಳೇ ತೆಗೆದಳು. "ಅಪ್ಪ ಎಷ್ಟು ಉಳೀತು ಅಂತ ಕೇಳ್ತಾವ್ರೆ. ನಾನು ಅದು ಕೇಳಲ್ಲ. ಚೆನ್ನಾಗಿತ್ತಾ ಅಕ್ಕ?"

ಆ ಪ್ರಶ್ನೆ ಅದುವರೆಗೆ ಯಾರೂ ಕೇಳಿರಲಿಲ್ಲ. "ಚೆನ್ನಾಗಿತ್ತು. ಕ್ಲಾಸಿಗೆ ಹೋದ ತಕ್ಷಣ ನಲವತ್ತು ಮಕ್ಕಳು ಎದ್ದು ನಿಂತು ಕೈ ಮುಗೀತಾರೆ. ನನ್ನ ರೂಮಿಗೆ ನನ್ನದೇ ಬೀಗದ ಕೈ ಇತ್ತು. ನಾನು ಯಾವತ್ತೂ ಒಬ್ಬಳೇ ಒಂದು ರೂಮಲ್ಲಿ ಮಲಗಿರಲಿಲ್ಲ. ಮೊದಲು ಭಯ ಆಯ್ತು, ಆಮೇಲೆ ಅದೇ ಇಷ್ಟ ಆಯ್ತು. ಭಾನುವಾರ ಮಾತ್ರ ಸಂಜೆ ತನಕ ಯಾರ ಜೊತೆಗೂ ಒಂದು ಮಾತೂ ಇರ್ತಿರಲಿಲ್ಲ. ಅವತ್ತು ಚೆನ್ನಾಗಿರಲಿಲ್ಲ."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ಅಮ್ಮ ಏನಂತಾಳೆ ಗೊತ್ತಾ? ರೂಪ ಬೇಕೂಂತ್ಲೇ ಎಳೀತಾವ್ಳೆ, ಹತ್ತಿದ ಏಣಿ ಒದೀತಾವ್ಳೆ ಅಂತ."

"ನೀನೂ ಹಾಗೇ ಅಂದುಕೊಂಡಿದ್ದೀಯಾ?"

"ಗೊತ್ತಿಲ್ಲ ಅಕ್ಕ. ನೀನು ಹೌದು ಅಂತಿಲ್ಲ, ಇಲ್ಲ ಅಂತಿಲ್ಲ. ನಾನು ಇಲ್ಲಿ ರಾಜೀನಾಮೆ ಕೊಟ್ರೆ ಮತ್ತೆ ತಗೊಳ್ಳಲ್ಲ ಅಂತ ಹೆಡ್ ಮಿಸ್ ಹೇಳವ್ರೆ. ಅಲ್ಲಿಗೆ ಹೋಗಿ ಆಗಲಿಲ್ಲ ಅಂದ್ರೆ ಎರಡೂ ಇಲ್ಲ." ತಲೆಯ ಮೇಲಿನ ವೇಲ್ ಸರಿಮಾಡಿಕೊಂಡು, "ಸರಿ, ನೀನು ವಾಪಸ್ ಹೋಗ್ತೀಯಾ?" ಎಂದಳು.

"ಹೋಗಲೇಬೇಕು."

"ಯಾಕೆ? ಅಷ್ಟು ಇಷ್ಟನಾ?"

"ಇನ್ನೂ ಅರ್ಧ ಜನದ ಮುಯ್ಯಿ ತೀರಿಸೋದಿದೆ. ಅವ್ವ ಎಲ್ಲಿಂದ ಕೊಡ್ತಾಳೆ?"

ಸಿಂಧು ರಸ್ತೆ ಮಧ್ಯೆಯೇ ನಿಂತಳು. "ಇರು ಇರು. ನೀನು ಹೋಗಲಿ ಅಂತ ತಾನೆ ಅವ್ರು ಕೊಟ್ಟಿದ್ದು? ಈಗ ಅದನ್ನ ತೀರಿಸೋಕೆ ಹೋಗ್ತೀಯಾ?"

ನಾನು ಏನೋ ಹೇಳಲು ಬಾಯಿ ತೆರೆದೆ. ಹಾಗಲ್ಲ, ಅದರಲ್ಲಿ ಬೇರೆಯದೂ ಇದೆ, ರೂಮು, ಮಕ್ಕಳು, ಸಂಬಳದ ದಿನ ಎ.ಟಿ.ಎಂ. ಮುಂದೆ ನಿಂತಾಗಿನ ಧೈರ್ಯ ಎಂದು. ಆದರೆ ಅವಳು ಹೇಳಿದ್ದೂ ಸುಳ್ಳಲ್ಲ. ಸಿಂಧು ಮೊದಲು ನಕ್ಕಳು. ನಾನು ನಗಲಿಲ್ಲವೆಂದು ಅವಳೂ ನಿಲ್ಲಿಸಿದಳು. ಮುಂದಿನ ಮನೆಯಲ್ಲಿ ಅವಳು ಶಾಲೆಯ ಬಸ್ಸಿನ ವಿಷಯ ವಿವರಿಸುತ್ತಿದ್ದರೆ ನಾನು ಪಾಂಪ್ಲೆಟ್ ತಲೆಕೆಳಗಾಗಿ ಹಿಡಿದಿದ್ದೆ.

ಸಂಜೆ ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಮ್ಮ ಭಾಗ್ಯ ಕಾಫಿ ಲೋಟವನ್ನು ಸ್ವಲ್ಪ ಶಬ್ದ ಮಾಡಿಯೇ ಇಟ್ಟಳು. "ಬಾರವ್ವ ಬಾ. ಲೆಕ್ಕ ಸಿಕ್ತಾ, ಇಲ್ಲಾ ವಿಮಾನದಾಗೇ ಬುಟ್ಟು ಬಂದಾ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಪ್ಪತ್ತಲ್ಲ ಹದಿನೆಂಟು, ಹನ್ನೆರಡಲ್ಲ ಹತ್ತು, ವೀಸಾ, ಡಿಪಾಸಿಟ್ಟು, ಅವ್ವ ಮಾಡಿದ ಮುಯ್ಯಿ. ಹೇಳುತ್ತ ಒಂದೆರಡು ಕಡೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಚಿಕ್ಕಪ್ಪ ತಾಳ್ಮೆಯಿಂದ ಕೇಳಿದರು.

"ಅಂದ್ರೆ ನಷ್ಟ ಆಯ್ತು ಅನ್ನು."

"ನಷ್ಟ ಅಲ್ಲ ಚಿಕ್ಕಪ್ಪ."

"ಲಾಭ ಆಯ್ತಾ?"

"ಲಾಭ ಅಂತಲೂ..."

"ಏನವ್ವ ಇದು! ಎರಡ್ರಲ್ಲಿ ಒಂದು ಇರ್ಬೇಕಲ್ಲ. ಆನೆ ಬಂತಾ ಇಲ್ವಾ ಅಂದ್ರೆ ಅರ್ಧ ಬಂತು ಅಂದಂಗಾಯ್ತು."

"ಅವ್ಳಿಗೆ ಯೋಳಕ್ಕೆ ಇಷ್ಟ ಇಲ್ಲ, ಬುಡಿ" ಎಂದಳು ಚಿಕ್ಕಮ್ಮ. "ನಮ್ ಸಿಂಧು ಇವ್ಳಿಗಿಂತ ಚೆಂದಾಗಿ ಇಂಗ್ಲೀಸ್ ಮಾತಾಡ್ತಾಳೆ. ಅವ್ಳಿ‌ಗೆ ಇಪ್ಪತ್ತೇ ಕೊಡಬೋದು."

ಅದು ನಿಜವೂ ಇರಬಹುದು. ಸಿಂಧು ಹಗಲು ಕಾಲೇಜಿನಲ್ಲಿ ಓದಿದವಳು. ನಾನು ತಲೆ ತಗ್ಗಿಸಿಕೊಂಡು, ಬರುವಾಗ ದಾರಿಯಲ್ಲಿ ಯೋಚಿಸಿದ್ದನ್ನು ಹೇಳಿದೆ. "ಹೋಗೋದಾದ್ರೆ ಹೋಗಲಿ ಚಿಕ್ಕಮ್ಮ. ಊಟ ಹಾಕಬೇಡಿ ಅಷ್ಟೇ. ನಿಮ್ಮ ದುಡ್ಡಲ್ಲಿ ಹೋದರೆ ಅಲ್ಲಿ ಆಗಲಿಲ್ಲ ಅಂದ ದಿನ ವಾಪಸ್ ಬರಬಹುದು. ಊರಿನ ದುಡ್ಡಲ್ಲಿ ಹೋದರೆ ಬರೋ ಹಾಗಿಲ್ಲ. ನನಗೆ ಆಗಿರೋದು ಅದೇ."

ಚಿಕ್ಕಪ್ಪ ಮೆಲ್ಲಗೆ, ಅವರ ಬಾಯಲ್ಲಿ ನಾನು ಎಂದೂ ಕೇಳದ ದನಿಯಲ್ಲಿ ಹೇಳಿದರು. "ನನ್ ದುಡ್ಡು ಎಲ್ಲದೆ ರೂಪಾ? ನಂದೂ ಊರ್ ಮೇಲೇ ಅದೆ. ಲಗ್ನ ಆದಾಗಿಂದ ಕೊಡ್ತಾನೇ ಇವ್ನಿ. ಒಬ್ಳೇ ಮಗ್ಳು. ಯಾವಾಗ ಇಸ್ಕಳದು ನಾನು?"

ದಾರಿಯಲ್ಲಿ ಯೋಚಿಸುವಾಗ ಇದು ನನಗೆ ಹೊಳೆದೇ ಇರಲಿಲ್ಲ. ಅವರು ಹೊಸ ಸಾಲ ಎತ್ತುತ್ತಿದ್ದಾರೆ ಎಂದುಕೊಂಡಿದ್ದೆ, ಅವರಿಗೆ ಅದು ಹಳೆಯ ವಸೂಲಿ. ಹಾಗಾದರೆ ನಾನು ಬೇಡವೆಂದದ್ದು ತಪ್ಪೇ? "ನಾನು ಹೇಳಿದ್ದು ತಪ್ಪಿರಬಹುದು ಚಿಕ್ಕಪ್ಪ" ಎಂದೆ.

ಬಾಗಿಲ ಹತ್ತಿರ ನಿಂತಿದ್ದ ಸಿಂಧು ಆಗ, "ಊಟ ಬೇಡ ಅಪ್ಪ" ಎಂದಳು. "ವಸೂಲು ಮಾಡ್ಕೊಳ್ಳೋದಾದ್ರೆ ನಿನ್ನ ಹೆಸರಲ್ಲಿ ಏನಾದ್ರೂ ಮಾಡ್ಕೋ. ನನ್ನ ಹೆಸರಲ್ಲಿ ಬೇಡ."

"ನನ್ ಹೆಸರಾಗೆ ಏನ್ ಮಾಡ್ಲಿ? ಇನ್ನೊಂದ್ ಮದ್ವೆ ಆಗ್ಲಾ?"

"ಆಗಿ, ಆಗಿ. ನಾನೇ ನಿಂತು ಬಡಿಸ್ತೀನಿ" ಎಂದಳು ಚಿಕ್ಕಮ್ಮ.

ಕೊನೆಗೆ ಊಟ ಬೇಡವೆಂದಾಯಿತು. ಏಜೆಂಟಿನ ವಿಷಯ ಸೋಮವಾರ ನೋಡೋಣ ಎಂದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಚಿಕ್ಕಪ್ಪ ಹೊರಗೆ ಬಂದು, ಚಿಕ್ಕಮ್ಮನಿಗೆ ಕೇಳದ ಹಾಗೆ, "ಒಂದ್ ಟಗರಿಗೆ ಆಗ್ಲೇ ಅಡ್ವಾನ್ಸ್ ಕೊಟ್ಬುಟ್ಟಿವ್ನಿ ಕಣವ್ವ. ನಿನ್ನ ಕೇಳಕ್ಕೆ ಮುಂಚೆನೇ" ಎಂದರು. "ಭಾನುವಾರ ಮನೆ ಮಟ್ಟಿಗೆ ಕುಯ್ಸನ. ನೀನೂ ಅವ್ವನೂ ಬನ್ನಿ."

ಭಾನುವಾರ ನಾವು ಹೋಗುವ ಹೊತ್ತಿಗೆ ಮಸಾಲೆಯ ವಾಸನೆ ಬೀದಿಯ ತಿರುವಿನ ತನಕ ಬಂದಿತ್ತು. ಆ ಬೀದಿಯಲ್ಲಿ ಇಡೀ ಟಗರು ಕುಯ್ಯಿಸಿ ಬಾಗಿಲು ಹಾಕಿಕೊಂಡು ತಿನ್ನುವವರು ಯಾರೂ ಇಲ್ಲ. ಮೊದಲು ಬಂದವರು ಹಿಂದಿನ ಮನೆಯ ನಿಂಗಯ್ಯತಾತ. ಬಿಳಿ ಅಂಗಿ, ಹೆಗಲ ಮೇಲೆ ಮಡಿ ಟವೆಲ್ಲು, ಕೈಯಲ್ಲಿ ಕವರು. ಎಲ್ಲರಿಗೂ ಅರ್ಥವಾಯಿತು. ಊಟ ಇದೆ ಎಂಬ ಸುದ್ದಿ ಊರಿಗೆಲ್ಲ ಮುಟ್ಟಿತ್ತು, ಇಲ್ಲ ಎಂಬ ಸುದ್ದಿ ಮುಟ್ಟಿರಲಿಲ್ಲ.

"ಓಗ್ಬುಟ್ಟು ಬಾ ನನ್ನವ್ವ. ಚೆಂದಾಗಿ ಯೋಳ್ಕೊಡು ಅವ್ರ್ಗೂ" ಎಂದು ತಾತ ಕವರನ್ನು ಸಿಂಧುವಿನ ಮುಂದೆ ಹಿಡಿದರು.

ಸಿಂಧು ನನ್ನ ಕಡೆ ನೋಡಿದಳು. ನಾನು ಏನು ಸನ್ನೆ ಮಾಡಬೇಕೋ ತಿಳಿಯದೆ ನಿಂತೆ. ಬೇಡವೆಂದರೆ ತಾತನಿಗೆ ಅವಮಾನ. ತೆಗೆದುಕೊಂಡರೆ ಅವಳು ಹೋಗಲೇಬೇಕು. ಬೇಡ ಎನ್ನುವ ಹಾಗೆ ತಲೆ ಆಡಿಸಲು ಹೋಗಿ, ಅದು ಹೌದು ಎಂದಂತೆ ಆಯಿತೇನೋ.

"ತಾತ, ನಾನು ಹೋಗ್ತಿಲ್ಲ. ಊಟ ಮಾಡಿ, ಮುಯ್ಯಿ ಬೇಡ" ಎಂದಳು ಸಿಂಧು.

ತಾತನ ಕೈ ಕೆಳಗಿಳಿಯಲಿಲ್ಲ. "ಬ್ಯಾಡ್ವಾ? ನಾನೇನು ಬಿಟ್ಟಿ ಉಣ್ಣಕ್ಕೆ ಬಂದಿವ್ನಾ? ನಿಮ್ಮಪ್ಪ ನಮ್ ಮೊಮ್ಮಗನ ಹೆಸರಿಡದಕ್ಕೆ ಬಂದು ಕೈತುಂಬ ಕೊಟ್ಟಿದ್ದ. ನಾನು ಅದ ತೀರಿಸ್ದೆ ಸಾಯ್ಬೇಕಾ?"

"ಹಾಗಾದ್ರೆ ಅದು ಅಪ್ಪಂದು ತಾತ. ಅಪ್ಪನ ಕೈಗೇ ಕೊಡಿ." ಸಿಂಧು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ನನಗೆ ಅಂತ ಕೊಡಬೇಡಿ. ನಾನು ಇಸ್ಕೊಳ್ಳಲ್ಲ."

"ಇದ್ಯಾವ ಸೀಮೆ ಮುಯ್ಯಿಲಾ ಮಾದೇವ?" ಎಂದರು ತಾತ. "ಓಗದಿಲ್ಲ ಅಂತಾಳೆ. ಮತ್ತೆ ಊಟ ಯಾಕಾಕ್ತಾ ಇದ್ದೀಯೆ?"

ಚಿಕ್ಕಪ್ಪ ಮಗಳನ್ನು ನೋಡಿದರು, ಕವರನ್ನು ನೋಡಿದರು, ಬೀದಿಯ ಕಡೆ ನೋಡಿದರು. ಅಲ್ಲಿ ಇನ್ನೂ ನಾಲ್ಕೈದು ಜನ ಬರುತ್ತಿದ್ದರು. "ಸುಮ್ಕೆ" ಎಂದರು. "ಟಗರಿತ್ತು. ಅದುಕ್ಕೆ."

ತಾತ ನಕ್ಕುಬಿಟ್ಟರು. ಕವರನ್ನು ಚಿಕ್ಕಪ್ಪನ ಜೇಬಿಗೆ ತುರುಕಿ ಕೈ ತೊಳೆಯಲು ಹೋದರು. ಆಮೇಲೆ ಬಂದವರಿಗೆಲ್ಲ ತಾತನೇ ಕೂತಲ್ಲಿಂದ ಕೂಗಿ ಹೇಳಿದರು. "ಹುಡ್ಗೀಗಲ್ಲ ಕಣ್ರಲಾ, ಮಾದೇವಂಗೆ! ಟಗರಿನ ಮುಯ್ಯಿ!" ಕೆಲವರು ಹಾಗೇ ಕೊಟ್ಟರು. ಕೆಲವರು ಸಿಂಧು ಹೋಗುವುದಿಲ್ಲ ಎಂದು ಕೇಳಿ ಕವರನ್ನು ಮತ್ತೆ ಜೇಬಿಗೆ ಇಟ್ಟುಕೊಂಡು ಊಟ ಮಾಡಿದರು. ಒಂದು ಟಗರು ಅಷ್ಟು ಜನಕ್ಕೆ ಸಾಲದೆ ಚಿಕ್ಕಮ್ಮ ಸಾರಿಗೆ ನೀರು ಬೆರೆಸುತ್ತ, "ಇದೆಲ್ಲ ಯಾರಿಂದ ಆಗಿದ್ದು ಅಂತ ನಂಗ್ ಗೊತ್ತು" ಎಂದು ನನಗೆ ಕೇಳಿಸುವ ಹಾಗೆ ಹೇಳಿದಳು. ಅವ್ವ ನನ್ನ ಕೈಗೂ ಒಂದು ಕವರು ಕೊಟ್ಟು, ಕಳೆದ ವರ್ಷ ನಮ್ಮ ಊಟಕ್ಕೆ ಚಿಕ್ಕಪ್ಪ ಕೊಟ್ಟಿದ್ದಕ್ಕೆ ಒಂದಿಷ್ಟು ಸೇರಿಸಿ ತೀರಿಸಿಬಿಡು ಎಂದಳು. ತೀರಿಸಿದೆ.

ಎಲ್ಲರೂ ಹೋದ ಮೇಲೆ ಚಿಕ್ಕಪ್ಪ ಜೇಬುಗಳಿಂದ ಕವರುಗಳನ್ನು ತೆಗೆದು ಮಂಚದ ಮೇಲೆ ಹಾಕಿ ಒಡೆದು ಎಣಿಸಿದರು. "ಪರವಾಗಿಲ್ಲ ಕಣ, ಏಜೆಂಟ್ ಫೀಸ್ನಾಗೆ ಅರ್ಧಕ್ಕೆ ಬಂದದೆ. ಇನ್ನರ್ಧ ಎಲ್ಲಾದ್ರೂ ಎತ್ತಿ ನಾಳೆ ಏಜೆಂಟ್ಗೆ ಕಟ್ಬುಡನಾ?" ಎಂದರು. ಇಷ್ಟೆಲ್ಲ ಆದ ಮೇಲೂ!

ಪಾತ್ರೆ ಉಜ್ಜುತ್ತಿದ್ದ ಸಿಂಧು ತಲೆ ಎತ್ತಲಿಲ್ಲ. "ಕಟ್ಟೋ ಹಾಗಿದ್ರೆ ನೀನೇ ಹೋಗಪ್ಪ. ಹೋಗಿ ಆನೆ ಓಡ್ಸೋದನ್ನ ಇಂಗ್ಲಿಷ್‌ನಲ್ಲಿ ಹೇಳ್ಕೊಡು."

ಸೋಮವಾರ ಅವಳ ಜೊತೆ ನಾನೂ ಕೋಟೆಗೆ ಹೊರಟೆ. ನನ್ನ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಸ್ಕ್ಯಾನ್ ಮಾಡಿಸಿ ಕಳಿಸಬೇಕಿತ್ತು. ಅದೇ ಹದಿನೆಂಟು, ಅದೇ ಹತ್ತು ತಿಂಗಳು. ಬಸ್ಸಿಗೆ ಕಾಯುವಾಗ ಸಿಂಧು ಏಜೆಂಟಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಫೋನ್ ಇಟ್ಟ ಮೇಲೆ ಅವಳ ಮುಖ ಒಂದು ಥರ ಆಯಿತು.

"ಸರಿ ಮಾಡಿದ್ನಾ ಅಕ್ಕ?"

"ಗೊತ್ತಿಲ್ಲ ಸಿಂಧು."

"ಒಂದು ಸಲನಾದ್ರೂ ಸುಳ್ಳಾದ್ರೂ ಹೌದು ಅನ್ನಬಾರ್ದಾ?" ಎಂದು ರೇಗಿದಳು. ಆಮೇಲೆ ತಾನೇ, "ಈ ವರ್ಷ ಟ್ಯೂಷನ್ ಶುರು ಮಾಡ್ತೀನಿ. ನಾನೇ ಕೂಡಿಸಿಕೊಂಡು ಮುಂದಿನ ವರ್ಷ ಬಂದ್ರೂ ಬಂದೆ. ನಿನ್ನ ರೂಮು ಇಬ್ಬರಿಗೆ ಆಗುತ್ತಾ?" ಎಂದಳು.

"ಆಗುತ್ತೆ" ಎಂದೆ.

ಅದು ಒಂದೇ ಮಂಚ ಹಿಡಿಯುವ ರೂಮು. ಇನ್ನೊಬ್ಬರನ್ನು ಇಟ್ಟುಕೊಂಡರೆ ಮನೆಯೊಡತಿ ಬಾಡಿಗೆ ಏರಿಸುತ್ತಾಳೋ ಏನೋ. ಹೇಳಬೇಕಿತ್ತು. ಬಸ್ಸು ಬಂತು. ಸಿಂಧು ಮುಂದೆ ಹತ್ತಿ ಕಿಟಕಿಯ ಪಕ್ಕ ಸೀಟು ಹಿಡಿದು, ಬ್ಯಾಗು ಸರಿಸಿ, ನನಗೆ ಜಾಗ ಮಾಡಿದಳು.